ಕೊನೆಗೆ ಕೂತವರ ಸಾರು

ಹುರುಳಿ ಸಾರು ಮಾಡುವುದು ಕಷ್ಟದ ಕೆಲಸವಲ್ಲ. ಅವಸರ ಮಾತ್ರ ಕೂಡದು. ಕಲ್ಲು ಆರಿಸಿದ ಅರ್ಧ ಸೇರು ಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕು. ಬೆಳಿಗ್ಗೆ ಧಾರಾಳವಾಗಿ ನೀರು ಹೊಯ್ದು, ಕಾಳು ಬೆರಳಲ್ಲಿ ಹಿಸುಕಿದರೆ ನುರಿಯುವಷ್ಟು ಬೇಯಿಸಿ, ಬಸಿದು, ಆ ಕಟ್ಟನ್ನು ಬೇರೆ ಇಡಬೇಕು. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಹುರಿದ ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಒಂದಿಷ್ಟು ಕಾಯಿ, ಹುಣಸೆಹಣ್ಣು, ಇವುಗಳ ಜೊತೆಗೆ ಒಂದು ಹಿಡಿ ಬೆಂದ ಕಾಳನ್ನೂ ಸೇರಿಸಿ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಬೇಕು. ಒಗ್ಗರಣೆ ಬಿದ್ದರೆ ಕೆಲಸ ಮುಗಿಯಿತು. ಬಿಸಿ ಮುದ್ದೆಗೆ ಇದರಂಥ ಜೊತೆ ಇನ್ನೊಂದಿಲ್ಲ. ಮರುದಿನಕ್ಕೆ ರುಚಿ ಇನ್ನೂ ಹೆಚ್ಚು.

ಇದು ಮಧುಗಿರಿ ತಾಲ್ಲೂಕಿನ ಬಡವನಹಳ್ಳಿಯಲ್ಲಿದ್ದ ನನ್ನ ಅಜ್ಜಿಯ ಸಾರು. ಅರವತ್ತರ ದಶಕದ ಕೊನೆಯಲ್ಲಿ ರಜೆ ಬಂತೆಂದರೆ ನಾವು ಅಲ್ಲಿಗೆ ಹೋಗುತ್ತಿದ್ದೆವು. ನಿವೃತ್ತಿಯ ನಂತರ ನಾನು ಅಡುಗೆಮನೆ ಹೊಕ್ಕಾಗ ಮೊದಲು ಕಲಿಯಬೇಕೆನ್ನಿಸಿದ್ದೂ ಇದೇ. ಕಟ್ಟಿನ ಹದ, ಹುಳಿಯ ಅಳತೆ ಎಲ್ಲವನ್ನೂ ಬರೆದಿಟ್ಟುಕೊಂಡು, ಹಲವು ಬಾರಿ ಕೆಡಿಸಿ, ಕೊನೆಗೊಮ್ಮೆ ಬಾಲ್ಯದ ನಾಲಗೆಯ ನೆನಪಿಗೆ ಸರಿಹೊಂದುವ ಸಾರನ್ನು ಮಾಡಿದೆ. ಹೆಮ್ಮೆಯಿಂದ ಅಕ್ಕನಿಗೆ ಬಡಿಸಿದೆ. ಆಕೆ ಒಂದು ತುತ್ತು ನುಂಗಿ ಹೇಳಿದಳು: "ಚೆನ್ನಾಗಿದೆ ಕಣೋ. ಆದ್ರೆ ಇದು ಅಜ್ಜಿ ಸಾರಲ್ಲ. ನೀನು ಗಂಡಸರ ಜೊತೆ ಮೊದಲು ಕೂತು ಉಂಡೋನು. ಕೊನೆಗೆ ಕೂತೋರಿಗೆ ಸಾರು ಸಾಲದೆ ಬಿಸಿನೀರು ಬೆರೆಸ್ತಾ ಇದ್ದಿದ್ದು ನಿಂಗೆಲ್ಲಿ ಗೊತ್ತು?"

ಅರ್ಥಶಾಸ್ತ್ರದ ಪದವಿ ಪಡೆದು, ದಶಕಗಳ ಕಾಲ ಸರ್ಕಾರಿ ಕಡತಗಳಲ್ಲಿ ಹಂಚಿಕೆಯ ಬಗ್ಗೆ ಟಿಪ್ಪಣಿ ಬರೆದವನಿಗೆ ತನ್ನ ಮನೆಯ ಮಡಕೆಯೊಳಗಿನ ಹಂಚಿಕೆಯೇ ಕಂಡಿರಲಿಲ್ಲ.

ಅಕ್ಕನ ಮಾತಿನ ಬೆಳಕಿನಲ್ಲಿ ಆ ಮನೆಯ ಲೆಕ್ಕವನ್ನು ಮತ್ತೆ ಹಾಕಿ ನೋಡಿದೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಹುರುಳಿ ಆಪತ್ತಿಗಾಗುವ ಬೆಳೆ. ಹಿಂಗಾರಿನ ಎರಡು ಹದ ಮಳೆ ಸಿಕ್ಕರೂ ಕೈಗೆ ಬರುತ್ತದೆ. ಬೆಂದ ಕಾಳಿನಲ್ಲಿ ಒಂದು ಪಾಲು ಉಳುವ ಎತ್ತುಗಳ ಬಾನಿಗೆ ಹೋಗುತ್ತಿತ್ತು. ಮತ್ತೊಂದು ಪಾಲು ಪಲ್ಯವಾಗಿ ಹೊಲದಿಂದ ಬಂದ ಗಂಡಸರ ತಟ್ಟೆಗೆ. ನಂತರ ಮಕ್ಕಳು, ಅವರಲ್ಲೂ ಗಂಡುಮಕ್ಕಳು ಮೊದಲು. ಅಜ್ಜಿ, ಚಿಕ್ಕಮ್ಮಂದಿರು ಮತ್ತು ಹತ್ತು ದಾಟಿದ ಅಕ್ಕ ಉಣ್ಣಲು ಕೂತಾಗ ಉಳಿದಿರುತ್ತಿದ್ದುದು ತಿಳಿಯಾದ ಕಟ್ಟು. ಕಳೆ ಕೀಳುವ, ನೀರು ಹೊರುವ, ರಾಗಿ ಬೀಸುವ ದೇಹಗಳಿಗೆ ಸಿಕ್ಕಿದ್ದು ಅಷ್ಟು. ಯಾರೂ ಕ್ರೂರಿಗಳಾಗಿರಲಿಲ್ಲ, ಅದು ಕ್ರಮವಾಗಿತ್ತು, ಆದ್ದರಿಂದಲೇ ಪ್ರಶ್ನೆ ಏಳಲಿಲ್ಲ.

ಕುಟುಂಬವೆಂಬುದು ಒಂದೇ ಮನಸ್ಸಿನ ಘಟಕವಲ್ಲ, ಅದರೊಳಗೆ ಸಹಕಾರವೂ ಸಂಘರ್ಷವೂ ಒಟ್ಟಿಗೆ ಇರುತ್ತವೆ ಎಂದು ಅಮರ್ತ್ಯ ಸೇನ್ ವಿವರಿಸಿದ್ದಾರೆ. ಮನೆಗೆ ಸಾಕಷ್ಟು ಧಾನ್ಯ ಬಂತೆಂದ ಮಾತ್ರಕ್ಕೆ ಮನೆಯ ಎಲ್ಲರಿಗೂ ಸಾಕಷ್ಟು ಸಿಕ್ಕಿತೆಂದು ಅರ್ಥವಲ್ಲ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಇದಕ್ಕೆ ಕಾರಣಗಳು ಹಲವು. ಆದರೆ ಕೊನೆಗೆ ಕೂತು ಉಳಿದದ್ದನ್ನು ಉಣ್ಣುವ ರೂಢಿ ಅವುಗಳಲ್ಲಿ ಒಂದಲ್ಲ ಎನ್ನಲು ನನಗೆ ಧೈರ್ಯವಿಲ್ಲ.

ವಿಪರ್ಯಾಸವೆಂದರೆ, ಆ ಊಟ ಸಮನಾಗಿ ಹಂಚಿಕೆಯಾಗಿದ್ದರೆ ಬಹಳ ಒಳ್ಳೆಯ ಊಟವೇ ಆಗಿತ್ತು. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೊಟೀನ್ ಇದೆ. ರಾಗಿಯಲ್ಲಿ ಕೊರತೆಯಿರುವ ಲೈಸಿನ್ ಎಂಬ ಅಂಶವನ್ನು ಹುರುಳಿ ತುಂಬಿಕೊಡುತ್ತದೆ. ಹುರುಳಿಯಲ್ಲಿ ಕಡಿಮೆಯಿರುವ ಮೆಥಿಯೋನಿನ್ ರಾಗಿಯಿಂದ ದೊರೆಯುತ್ತದೆ. ಆದರೆ ಈ ಲಾಭ ಕಾಳು ತಿಂದವರಿಗೆ, ತಿಳಿ ಕಟ್ಟು ಕುಡಿದವರಿಗಲ್ಲ.

ಈಗ ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ಮಧುಗಿರಿ, ಶಿರಾ, ಪಾವಗಡಗಳ ಖುಷ್ಕಿ ಹೊಲಗಳನ್ನು ಶೇಂಗಾ ಆವರಿಸಿದೆ. ಶೇಂಗಾಕ್ಕೆ ಬೆಂಬಲ ಬೆಲೆಯುಂಟು. ಬೇಳೆಕಾಳುಗಳಲ್ಲಿ ಕೇಂದ್ರ ಸರ್ಕಾರ ಬೆಂಬಲ ಬೆಲೆ ಘೋಷಿಸುವುದು ತೊಗರಿ, ಹೆಸರು, ಉದ್ದು, ಕಡಲೆ, ಮಸೂರ ಈ ಐದಕ್ಕೆ. ಹುರುಳಿ ಆ ಪಟ್ಟಿಯಲ್ಲಿಲ್ಲ. ಬರ ತಾಳುವ ಬೆಳೆಗೆ ಬೆಲೆಯ ಭರವಸೆಯಿಲ್ಲದಿರುವುದು ನೀತಿಯ ಲೋಪವೇ ಸರಿ.

ಗರ್ಭಿಣಿ ಮತ್ತು ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಬಡಿಸುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಆರಂಭವಾಯಿತು. ಮನೆಗೆ ಧಾನ್ಯ ಕೊಟ್ಟರೆ ಅದು ಮನೆಯವರಿಗೆಲ್ಲ ಹಂಚಿಹೋಗುತ್ತದೆ, ಆಕೆಯೇ ಕೂತು ಉಣ್ಣಬೇಕು ಎಂಬ ತಿಳಿವಳಿಕೆ ಅದರ ಹಿಂದಿತ್ತು. ಇಂಥ ಊಟಗಳಲ್ಲಿ, ಕನಿಷ್ಠ ಬಯಲುಸೀಮೆಯ ತಾಲ್ಲೂಕುಗಳಲ್ಲಾದರೂ, ಸ್ಥಳೀಯ ರೈತರಿಂದ ಕೊಂಡ ಹುರುಳಿಗೆ ಜಾಗ ಸಿಗಬೇಕು. ಹೊಲಕ್ಕೂ ತಟ್ಟೆಗೂ ಒಟ್ಟಿಗೆ ಉಪಕಾರವಾದೀತು. ಆದರೆ ಮನೆಯೊಳಗಿನ ಸರದಿಯನ್ನು ಸರ್ಕಾರಿ ಆದೇಶ ಬದಲಿಸಲಾರದು. ಅದು ನಮ್ಮ ನಮ್ಮ ಕೆಲಸ.

ಅಜ್ಜಿಯ ಅಡುಗೆಯನ್ನು ಉಳಿಸಿಕೊಳ್ಳಬೇಕೆಂಬ ಆಸೆ ಎಲ್ಲರಿಗೂ ಇದೆ. ಅಜ್ಜಿ ಉಂಡದ್ದೇನು ಎಂದೂ ಅದರ ಜೊತೆಗೆ ಕೇಳಿಕೊಳ್ಳಬೇಕು. ನನ್ನ ಟಿಪ್ಪಣಿಯಲ್ಲಿ ಈಗ ಎರಡು ಸಾಲು ಹೆಚ್ಚಾಗಿವೆ: ಸಾರಿಗೆ ಆಮೇಲೆ ನೀರು ಬೆರೆಸಬಾರದು, ಮಾಡಿದವರೂ ಜೊತೆಗೇ ಕೂರಬೇಕು. ಅಂದು ಅಕ್ಕ "ಅಜ್ಜಿ ಸಾರಲ್ಲ" ಎನ್ನುತ್ತಲೇ ಇನ್ನೊಂದು ಸೌಟು ಹಾಕಿಸಿಕೊಂಡಳು. ಕಾಳು ಜಾಸ್ತಿ ಇರಲಿ ಎಂದೂ ಹೇಳಿದಳು.