ಮಹದಾಯಿ ಸುದ್ದಿ, ನಮ್ಮ ಮನೆಯ ಕೊಡ

2022ರ ಡಿಸೆಂಬರ್ 29. ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ ನಡೆದಿತ್ತು. ಕಳಸಾ-ಬಂಡೂರಿ ಯೋಜನೆಯ ಪರಿಷ್ಕೃತ ಡಿಪಿಆರ್‌ಗೆ ಕೇಂದ್ರ ಜಲ ಆಯೋಗ ಒಪ್ಪಿಗೆ ಕೊಟ್ಟಿದೆ ಅಂತ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಪ್ರಕಟಿಸಿದರು. ಟಿವಿ ಪರದೆ ಪೂರ್ತಿ ಕೆಂಪಾಯ್ತು. ಒಂದು ಪಕ್ಷದವರು ಐತಿಹಾಸಿಕ ಗೆಲುವು ಅಂದರು, ಇನ್ನೊಂದು ಪಕ್ಷದವರು ಚುನಾವಣೆ ಗಿಮಿಕ್ ಅಂದರು. ಡಿಪಿಆರ್ ಅಂದ್ರೆ ಏನು, ಅದಕ್ಕೆ ಒಪ್ಪಿಗೆ ಸಿಕ್ಕರೆ ಏನಾಗುತ್ತೆ ಅನ್ನೋದನ್ನ ಮಾತ್ರ ಯಾರೂ ಬಿಡಿಸಿ ಹೇಳಲಿಲ್ಲ.

ಮರುದಿನ ನಾನು ಹೂಲಿಯಲ್ಲಿದ್ದೆ. ಊರಿಗೆ ಹೋದರೆ ನನ್ನ ದಿನಚರಿ ಬೇರೆ. ಬೆಂಗಳೂರಿನಲ್ಲಿ ಎದ್ದ ಕೂಡಲೇ ಮೊಬೈಲ್, ಊರಲ್ಲಿ ಎದ್ದ ಕೂಡಲೇ ಕೊಡ. ನಳ ಬಂದಾಗ ಮನೆ ಮಂದಿಯೆಲ್ಲ ಸಾಲಾಗಿ ನಿಂತು ತುಂಬಬೇಕು. ಅಷ್ಟರಲ್ಲಿ ದೊಡ್ಡಪ್ಪ ಕಟ್ಟೆ ಮೇಲೆ ಕೂತು ಕೇಳಿದರು: "ತಮ್ಮಾ, ನಿನ್ನಿ ಟಿವ್ಯಾಗ ಎಲ್ಲಾರೂ ಮಹದಾಯಿ ಬಂತು, ಬಂತು ಅಂದ್ರು. ನಮ್ಮ ಕಾಲುವಿಗೆ ಯಾವಾಗ ಬರ್ತದ?" ಒಳಗಿಂದ ಅವ್ವ, "ಮೊದಲ ಕೊಡಾ ತುಂಬಪಾ, ಆಮ್ಯಾಲ ಭಾಷಣಾ ಮಾಡು" ಅಂದಳು.

ದೊಡ್ಡಪ್ಪನ ಪ್ರಶ್ನೆಯಲ್ಲೇ ಇಡೀ ವಿವಾದ ಅಡಗಿದೆ. ಅವರು ಕೇಳಿದ್ದು ಕಾಲುವೆ ನೀರು. ಕಳಸಾ-ಬಂಡೂರಿಗೆ ಸಿಕ್ಕಿರುವುದು ಕುಡಿಯುವ ನೀರು.

ವಿಷಯ ಹೀಗಿದೆ. ಮಲಪ್ರಭೆ ಹುಟ್ಟೋದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಅದು ಪೂರ್ವಕ್ಕೆ ಹರಿದು ನಮ್ಮ ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ನಿಲ್ಲುತ್ತೆ. ಅದೇ ಕಾಡಿನ ಕಳಸಾ, ಬಂಡೂರಿ ಹಳ್ಳಗಳ ನೀರು ಪಶ್ಚಿಮಕ್ಕೆ ಇಳಿದು ಮಹದಾಯಿ ಸೇರುತ್ತೆ. ಗೋವಾದಲ್ಲಿ ಅದೇ ನದಿಗೆ ಮಾಂಡೋವಿ ಅಂತ ಹೆಸರು. ಆ ಹಳ್ಳಗಳ ನೀರನ್ನು ಇತ್ತ ತಿರುಗಿಸೋದೇ ಯೋಜನೆ. ನವಿಲುತೀರ್ಥದ ಸಾಮರ್ಥ್ಯ 37.73 ಟಿಎಂಸಿ. ಆದರೆ ಮಳೆ ಕೈಕೊಟ್ಟ ವರ್ಷ ಅದು ತುಂಬೋದಿಲ್ಲ. ಹುಬ್ಬಳ್ಳಿ-ಧಾರವಾಡ ಕುಡಿಯೋದೂ ಇದೇ ನೀರು, ನರಗುಂದ, ನವಲಗುಂದದ ಹೊಲಗಳು ಕಾಯೋದೂ ಇದೇ ನೀರು.

ಕರ್ನಾಟಕ ಈ ಎರಡು ಹಳ್ಳಗಳಿಂದ ಕೇಳಿದ್ದು 7.56 ಟಿಎಂಸಿ. 2018ರ ಆಗಸ್ಟ್ 14ರಂದು ನ್ಯಾಯಾಧಿಕರಣ ಕೊಟ್ಟಿದ್ದು 3.9: ಕಳಸಾದಿಂದ 1.72, ಬಂಡೂರಿಯಿಂದ 2.18. ಹಾಗಾದರೆ ಭಾಷಣಗಳಲ್ಲಿ ಕೇಳುವ 13.42 ಎಲ್ಲಿಂದ ಬಂತು? ಅದರಲ್ಲಿ 8.02 ವಿದ್ಯುತ್ ಉತ್ಪಾದನೆಗೆ, 1.5 ಮಹದಾಯಿ ಕಣಿವೆಯೊಳಗಿನ ಬಳಕೆಗೆ. ಮಲಪ್ರಭೆ ಕಡೆ ಬರೋದು ಉಳಿದ 3.9 ಮಾತ್ರ. ದೊಡ್ಡ ಅಂಕಿ ಹೇಳಿದರೆ ಚಪ್ಪಾಳೆ ಬೀಳುತ್ತೆ, ಅದಕ್ಕೇ ಹೇಳ್ತಾರೆ.

ಇಂಜಿನಿಯರಿಂಗ್ ಓದಿದ್ದು ಸ್ಟುಡಿಯೋದಲ್ಲಿ ಉಪಯೋಗಕ್ಕೆ ಬರೋದು ಅಪರೂಪ. ಅವತ್ತು ಕಟ್ಟೆ ಮೇಲೆ ಬಂತು. ಒಂದು ಟಿಎಂಸಿ ಅಂದ್ರೆ ಸುಮಾರು 2,830 ಕೋಟಿ ಲೀಟರ್. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅಂತ ಹಿಡಿದರೆ, ಸೋರಿಕೆ ಲೆಕ್ಕಕ್ಕೆ ತಗೊಳ್ಳದೆ, ಒಂದು ಟಿಎಂಸಿ ಐದೂವರೆ ಲಕ್ಷಕ್ಕಿಂತ ಹೆಚ್ಚು ಜನರಿಗೆ ವರ್ಷವಿಡೀ ಸಾಕು. 3.9 ಟಿಎಂಸಿ ಅಂದ್ರೆ 22 ಲಕ್ಷ ಜನ. ಸಣ್ಣದೇನಲ್ಲ! ಹಳ್ಳಿಗೆ ಜಲಜೀವನ್ ಮಿಷನ್ ಹಾಕಿಕೊಂಡ ಗುರಿ ತಲೆಗೆ 55 ಲೀಟರ್. ಆರು ಜನರ ಮನೆಗೆ 330 ಲೀಟರ್, ಅಂದರೆ ಹದಿನೈದು ಲೀಟರಿನ 22 ಕೊಡ. ಅವ್ವನ ಅಡುಗೆ, ದನದ ನೀರು ಎರಡೂ ಅದರಲ್ಲೇ ಆಗಬೇಕು ಅಂದ್ರೆ ಕಷ್ಟ.

"ಹಂಗಾರ ನಮ್ಮ ಹೊಲಕ್ಕ ಏನೂ ಇಲ್ಲೇನು?" ಅಂತ ದೊಡ್ಡಪ್ಪ. ನೇರವಾಗಿ ಇಲ್ಲ. ಆದರೆ ಊರುಗಳ ಕುಡಿಯುವ ನೀರಿಗೆ ಮಹದಾಯಿ ಆಸರೆಯಾದರೆ, ಆಣೆಕಟ್ಟಿನಲ್ಲಿ ಅಷ್ಟು ನೀರು ಕಾಲುವೆಗೆ ಉಳಿಯಬಹುದು. ಉಳಿದ ನೀರನ್ನು ರೈತರಿಗೇ ಬಿಡ್ತಾರಾ ಅನ್ನೋದು ಬೇರೆ ಪ್ರಶ್ನೆ. ಈ ಭಾಗದ ಜನಕ್ಕೆ ಅನುಮಾನ ಬರೋದು ಸಹಜ. 1980ರಲ್ಲಿ ನರಗುಂದ ಬಂಡಾಯ ಆಗಿದ್ದು ಇದೇ ಮಲಪ್ರಭಾ ಅಚ್ಚುಕಟ್ಟಿನಲ್ಲಿ. ಹೊಲಕ್ಕೆ ನೀರು ಸರಿಯಾಗಿ ಮುಟ್ಟುವ ಮೊದಲೇ ಬೆಟರ್‌ಮೆಂಟ್ ಲೆವಿ ಕೇಳಿದ್ದಕ್ಕೆ ರೈತರು ಸಿಡಿದೆದ್ದರು. 2015ರಲ್ಲಿ ಮತ್ತೆ ಅದೇ ನರಗುಂದದಲ್ಲಿ ಮಹದಾಯಿಗಾಗಿ ಧರಣಿ ಶುರುವಾಯ್ತು.

ಇನ್ನು ಡಿಪಿಆರ್. ಜಲ ಆಯೋಗದ ಒಪ್ಪಿಗೆ ಅಂದ್ರೆ ನೀರಿನ ಲೆಕ್ಕ ತಾಂತ್ರಿಕವಾಗಿ ಸರಿ ಇದೆ ಅಂತ ಅಷ್ಟೇ. ಮನೆ ಕಟ್ಟೋರಿಗೆ ನಕ್ಷೆ ಪಾಸಾದ ಹಾಗೆ. ಕಾಡಿನ ಜಾಗಕ್ಕೆ ಅರಣ್ಯ ಅನುಮತಿ ಬೇರೆ, ವನ್ಯಜೀವಿ ಅನುಮತಿ ಬೇರೆ. ಇದರ ಜೊತೆ ಸುಪ್ರೀಂ ಕೋರ್ಟಿನಲ್ಲಿ ಗೋವಾದ ತಕರಾರು. ನೀರು ಕಡಿಮೆಯಾದರೆ ಸಮುದ್ರದ ಉಪ್ಪು ನದಿಯೊಳಗೆ ಇನ್ನೂ ಮೇಲಕ್ಕೆ ಬರುತ್ತೆ, ಕಾಡು ಒಣಗುತ್ತೆ ಅನ್ನೋದು ಅವರ ವಾದ. ಆ ಭಯವನ್ನ ಗೇಲಿ ಮಾಡೋದು ನನಗೆ ಸರಿ ಕಾಣಲ್ಲ. ಅವರ ಮನೆಯಲ್ಲೂ ಕೊಡ ತುಂಬೋರು ಇದ್ದಾರೆ.

ಆದ್ದರಿಂದ ವೀಕ್ಷಕರೇ, ಮುಂದಿನ ಸಲ ಮಹದಾಯಿ ಬ್ರೇಕಿಂಗ್ ಬಂದಾಗ ಯಾರು ಸಿಹಿ ಹಂಚಿದರು ಅಂತ ನೋಡಬೇಡಿ. ಯಾವ ಅನುಮತಿ ಬಂತು, ಯಾವುದು ಬಾಕಿ ಇದೆ ಅಂತ ಕೇಳಿ. ಅವತ್ತು ದೊಡ್ಡಪ್ಪ ಬೆರಳೆಣಿಸಿ ಕೇಳಿದ್ದೂ ಅದನ್ನೇ: "ಇನ್ನ ಎಷ್ಟ ಸಹಿ ಬಾಕಿ ಅದಾವ?"