ಬೇರೆಯಾಗುವ ಅಪ್ಪ–ಅಮ್ಮನಿಗೂ ಒಂದು ಪಾಠ ಬೇಕು

ಯಲ್ಲಾಪುರದಿಂದ ಅಂಕೋಲೆಯ ದಾರಿ ಹಿಡಿದರೆ ಅರಬೈಲು ಘಟ್ಟದ ನೆರೆಯಲ್ಲಿ ಇಡಗುಂದಿ ಸಿಗುತ್ತದೆ. ಅಡಿಕೆ ತೋಟ, ಕಾಡು, ದೂರ ದೂರದ ಮನೆಗಳ ಈ ಸೀಮೆಯಲ್ಲಿ ವಿಚ್ಛೇದನದ ಮಾತನ್ನು ಯಾರೂ ಗಟ್ಟಿಯಾಗಿ ಆಡುವುದಿಲ್ಲ. ಮಗಳು ತವರಿಗೆ ಬಂದು ಉಳಿದಳು, ಮಗುವನ್ನು ಅಜ್ಜನಮನೆಯಿಂದಲೇ ಶಾಲೆಗೆ ಸೇರಿಸಿದರು ಎಂಬಷ್ಟೇ ಸುದ್ದಿ. ದೊಡ್ಡವರಿಗೆ ಅಲ್ಲಿಗೆ ಒಂದು ಹಂತ ಮುಗಿಯಿತು. ಮಗುವಿನ ಕಷ್ಟ ಶುರುವಾಗುವುದೇ ಆಮೇಲೆ. ರಜೆಯಲ್ಲಿ ಹೋಗಿ ಬಂದ ದಿನ ಈ ಮನೆಯಲ್ಲಿ ‘ಅಪ್ಪ ಎಂತ ಹೇಳ್ದ?’ ಎಂದು ಕೇಳುತ್ತಾರೆ, ಆ ಮನೆಯಲ್ಲಿ ‘ಆಯಿ ಎಂತ ಹೇಳ್ತು?’ ಎಂದು ಕೇಳುತ್ತಾರೆ. ಯಾವ ಉತ್ತರ ಕೊಟ್ಟರೂ ಒಬ್ಬರಿಗೆ ನೋವು ಎಂಬುದು ಏಳೆಂಟು ವರ್ಷದ ಮಗುವಿಗೂ ತಿಳಿಯುತ್ತದೆ.

ಈ ಪ್ರಶ್ನೆ ಕೇಳಬೇಡಿ ಎಂದು ದೊಡ್ಡವರಿಗೆ ಹೇಳಿಕೊಡುವವರು ಯಾರು? ಹಲವು ದೇಶಗಳಲ್ಲಿ ನ್ಯಾಯಾಲಯಗಳೇ ಆ ಹೊಣೆ ಹೊತ್ತಿವೆ.

ಕ್ಯಾನ್ಸಸ್‌ನಲ್ಲಿ ಮೊದಲಾದದ್ದು

1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಯಾರ ತಪ್ಪೆಂದು ಸಾಬೀತು ಮಾಡದೆಯೇ ವಿಚ್ಛೇದನ ಪಡೆಯುವ ಕಾನೂನು ಜಾರಿಗೆ ಬಂತು. ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು. ಮಕ್ಕಳಿಗೆ ಏನಾಗುತ್ತಿದೆ ಎಂದು ನೋಡಲು 1971ರಲ್ಲಿ ಜುಡಿತ್ ವಾಲರ್‌ಸ್ಟೈನ್ ಮತ್ತು ಜೋನ್ ಕೆಲ್ಲಿ ಅಲ್ಲಿನ ಮರಿನ್ ಕೌಂಟಿಯ 60 ಕುಟುಂಬಗಳ 131 ಮಕ್ಕಳ ಅಧ್ಯಯನ ಕೈಗೆತ್ತಿಕೊಂಡರು. ಆ ದಶಕ ಮುಗಿಯುವ ಮೊದಲೇ, 1978ರಲ್ಲಿ, ಕ್ಯಾನ್ಸಸ್ ರಾಜ್ಯದ ಜಾನ್ಸನ್ ಕೌಂಟಿಯಲ್ಲಿ ಬೇರೆಯಾಗುವ ತಂದೆ–ತಾಯಿಗೆಂದೇ ತರಗತಿ ಶುರುವಾಯಿತು. ಇಂಥ ಕಾರ್ಯಕ್ರಮಗಳಲ್ಲಿ ಮೊದಲನೆಯದೆಂದು ಹೆಸರಾದದ್ದು ಅದು. 1990ರ ದಶಕದಲ್ಲಿ ಒಂದೊಂದೇ ರಾಜ್ಯ ಅದನ್ನು ಕಡ್ಡಾಯ ಮಾಡುತ್ತ ಹೋಯಿತು.

ಅಲ್ಲಿ ಕಲಿಸುವುದು ಸರಳ ವಿಷಯಗಳನ್ನು. ನಾವು ಬೇರೆಯಾಗಲು ನೀನು ಕಾರಣವಲ್ಲ ಎಂದು ಮಗುವಿಗೆ ಬಾಯಿಬಿಟ್ಟು ಹೇಳಿ. ನಿಮ್ಮ ಮಾತುಗಳನ್ನು ಮಗುವಿನ ಕೈಲಿ ಹೇಳಿ ಕಳಿಸಬೇಡಿ. ಹಣಕಾಸಿನ ಜಗಳ ಅದರ ಕಿವಿಗೆ ಬೀಳದಿರಲಿ. ಊಟ, ನಿದ್ದೆ, ಶಾಲೆಯ ಹೊತ್ತು ಎರಡೂ ಮನೆಯಲ್ಲಿ ಆದಷ್ಟು ಒಂದೇ ಥರ ಇರಲಿ.

ಇದರ ಹಿಂದೆ ಸಂಶೋಧನೆಯ ಬಲವಿದೆ. 1991ರಲ್ಲಿ ಪೌಲ್ ಅಮೆಟೊ ಮತ್ತು ಬ್ರೂಸ್ ಕೀತ್ 92 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ವಿಚ್ಛೇದಿತರ ಮಕ್ಕಳಿಗೂ ಉಳಿದ ಮಕ್ಕಳಿಗೂ ಇರುವ ಅಂತರ ಜನ ಅಂದುಕೊಂಡಷ್ಟು ದೊಡ್ಡದಲ್ಲ, ಮಕ್ಕಳ ಸಂಕಟಕ್ಕೆ ಹೆಚ್ಚು ಹೊಂದುವ ಕಾರಣ ಹೆತ್ತವರ ನಡುವಿನ ಕಲಹ ಎಂಬುದು ಅವರಿಗೆ ಕಂಡ ಸಂಗತಿ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಶಾರ್ಲಿನ್ ವೋಲ್ಚಿಕ್, ಇರ್ವಿನ್ ಸ್ಯಾಂಡ್ಲರ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ವಿಚ್ಛೇದನ ಪಡೆದ 240 ಕುಟುಂಬಗಳ ಪೈಕಿ ಕೆಲವರಿಗೆ ತರಗತಿ ನಡೆಸಿ, ಉಳಿದವರಿಗೆ ಓದಲು ಪುಸ್ತಕಗಳನ್ನಷ್ಟೇ ಕೊಟ್ಟರು. ಆರು ವರ್ಷದ ನಂತರ ಪುಸ್ತಕ ಮಾತ್ರ ಸಿಕ್ಕ ಗುಂಪಿನ ಮಕ್ಕಳಲ್ಲಿ ಶೇ 23.5ರಷ್ಟು ಮಂದಿಯಲ್ಲಿ ಮಾನಸಿಕ ಕಾಯಿಲೆ ಪತ್ತೆಯಾಯಿತು. ತಾಯಿಗೂ ಮಕ್ಕಳಿಗೂ ತರಗತಿ ನಡೆಸಿದ ಗುಂಪಿನಲ್ಲಿ ಅದು ಶೇ 11. ಈ ಫಲಿತಾಂಶ ಪ್ರಕಟವಾದದ್ದು 2002ರಲ್ಲಿ.

ಏಷ್ಯಾಕ್ಕೂ ಈ ವಿಚಾರ ಬಂತು. ದಕ್ಷಿಣ ಕೊರಿಯಾ 2008ರಲ್ಲಿ ಮಕ್ಕಳಿರುವ ದಂಪತಿಯ ಒಪ್ಪಿಗೆಯ ವಿಚ್ಛೇದನಕ್ಕೆ ಮೂರು ತಿಂಗಳ ಕಾಯುವಿಕೆಯನ್ನೂ ಮಾರ್ಗದರ್ಶನವನ್ನೂ ಸೇರಿಸಿತು. ಸಿಂಗಪುರ 2016ರಲ್ಲಿ ತರಗತಿಯನ್ನು ಕಡ್ಡಾಯ ಮಾಡಿತು. ಡೆನ್ಮಾರ್ಕ್ 2019ರಲ್ಲಿ ಮೊಬೈಲಿನಲ್ಲೇ ಮುಗಿಸಬಹುದಾದ ಅರ್ಧ ಗಂಟೆಯ ಪಾಠ ತಂದಿತು.

ನಮ್ಮ ಕಾನೂನು ನಡೆದ ದಾರಿ

1976ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯ್ದೆಗೆ 13ಬಿ ಸೇರಿ, ಇಬ್ಬರೂ ಒಪ್ಪಿ ಬೇರೆಯಾಗುವ ದಾರಿ ತೆರೆಯಿತು. ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ ಆರು ತಿಂಗಳು ಕಾಯಬೇಕು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಂ, ಮೊದಲು ರಾಜಿಗೆ ಯತ್ನಿಸುವುದನ್ನು ನ್ಯಾಯಾಲಯದ ಕರ್ತವ್ಯವೆಂದಿತು. ಸಲಹೆಗಾರರ ನೇಮಕಕ್ಕೂ ಆ ಕಾಯ್ದೆಯಲ್ಲಿ ಅವಕಾಶವಿದೆ. ಮನೆಯ ಹಿರಿಯರಾಗಲಿ, ಕೋರ್ಟಾಗಲಿ, ನಮ್ಮಲ್ಲಿ ಎಲ್ಲರ ಶ್ರಮವೂ ಮುರಿದದ್ದನ್ನು ಕೂಡಿಸುವುದಕ್ಕೇ ಮೀಸಲು. ಕೂಡದೇ ಹೋದಾಗ ಮಗುವಿನ ಅಪ್ಪ–ಅಮ್ಮನಾಗಿ ಮುಂದುವರಿಯುವುದು ಹೇಗೆಂಬ ಪಾಠಕ್ಕೆ ಜಾಗವೇ ಸಿಗಲಿಲ್ಲ.

ಆದರೂ ಬಾಗಿಲು ಸ್ವಲ್ಪ ಸ್ವಲ್ಪವೇ ತೆರೆಯುತ್ತಿದೆ. 2007ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟಿನ ಆಶ್ರಯದಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಆರಂಭವಾಯಿತು. 2013ರಲ್ಲಿ ಕೆ. ಶ್ರೀನಿವಾಸ ರಾವ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ದಾಂಪತ್ಯದ ವ್ಯಾಜ್ಯಗಳನ್ನು ಮಧ್ಯಸ್ಥಿಕೆಗೆ ಒಯ್ಯಬೇಕೆಂದಿತು. 2015ರಲ್ಲಿ ಕಾನೂನು ಆಯೋಗದ 257ನೇ ವರದಿ ಜಂಟಿ ಪಾಲನೆಯ ಬಗ್ಗೆ, ಮಗುವಿನ ಪಾಲನೆಗೆ ಹೆತ್ತವರು ಬರೆದುಕೊಳ್ಳುವ ಯೋಜನೆಯ ಬಗ್ಗೆ ಶಿಫಾರಸು ಮಾಡಿತು. ಮಗುವಿಗೆ ಇಬ್ಬರ ಪ್ರೀತಿಯೂ ಸಿಗಬೇಕು, ದೂರದಲ್ಲಿರುವವರು ವಿಡಿಯೊ ಕರೆಯಲ್ಲಾದರೂ ಮಾತಾಡುವಂತಿರಬೇಕು ಎಂದು ಸುಪ್ರೀಂ ಕೋರ್ಟಿನ 2020ರ ಯಶಿತಾ ಸಾಹು ತೀರ್ಪು ಹೇಳಿತು. ಇಷ್ಟಾದರೂ ವಿಚ್ಛೇದನಕ್ಕೆ ಮುನ್ನ ಹೆತ್ತವರು ಒಂದು ತರಗತಿಯಲ್ಲಿ ಕೂರಲೇಬೇಕೆನ್ನುವ ಕೇಂದ್ರ ಕಾಯ್ದೆ ನಮ್ಮಲ್ಲಿಲ್ಲ.

ಘಟ್ಟದ ಮೇಲೆ ಹೇಗಿರಬೇಕು?

ಅಮೆರಿಕದ ತರಗತಿಯನ್ನು ಹಾಗೇ ತಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಕ್ಕೆ ಸಾಲದು. ಅಲ್ಲಿ ಪಾಠ ಕೇಳುವುದು ಇಬ್ಬರು. ಇಲ್ಲಿ ಮಗುವನ್ನು ಬೆಳೆಸುವುದು ಅಜ್ಜ, ಅಜ್ಜಿ, ಸೋದರಮಾವ, ಅತ್ತೆ. ತಾಯಿ ಬಾಯಿ ಕಟ್ಟಿಕೊಂಡರೂ ಜಗುಲಿಯಲ್ಲಿ ಅಜ್ಜ ಅಳಿಯನನ್ನು ಬೈಯುತ್ತಿದ್ದರೆ ಮಗು ಕೇಳಿಸಿಕೊಳ್ಳುತ್ತದೆ. ಅಪ್ಪ ಬೆಂಗಳೂರಿನ ಕೆಲಸದಲ್ಲಿದ್ದು, ಆಯಿ ಊರಿನಲ್ಲಿದ್ದರೆ ವಾರಕ್ಕೊಮ್ಮೆಯ ಭೇಟಿಯೆಂಬುದು ಕಾಗದದ ಮೇಲಷ್ಟೇ ಉಳಿಯುತ್ತದೆ. ಹಾಗಾಗಿ ಇಲ್ಲಿನ ತರಗತಿಗೆ ಎರಡೂ ಕಡೆಯ ಹಿರಿಯರು ಬರಬೇಕು. ದೀಪಾವಳಿ, ಮಗುವಿನ ಉಪನಯನ, ಬೇಸಿಗೆ ರಜೆ ಯಾರ ಮನೆಯಲ್ಲಿ ಎಂಬುದು ಅಲ್ಲೇ ಮಾತಾಗಿ ಬರಹಕ್ಕಿಳಿಯಬೇಕು.

ಒಂದು ಎಚ್ಚರಿಕೆ ಬೇಕೇ ಬೇಕು. ಹೊಡೆತ, ಬೆದರಿಕೆ ಇದ್ದ ಮನೆಯ ಹೆಣ್ಣುಮಗಳನ್ನು ಗಂಡನ ಎದುರು ಕೂರಿಸಿ ಹೊಂದಿಕೊಂಡು ಹೋಗು ಎನ್ನುವುದು ಪಾಠವಾಗಲಾರದು. ಅಂಥವರಿಗೆ ತರಗತಿ ಬೇರೆಯಾಗಿಯೇ ನಡೆಯಬೇಕು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಮೊದಲು, ಉಳಿದದ್ದು ಆಮೇಲೆ.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ತಾಲ್ಲೂಕು ಸಮಿತಿಗಳಿವೆ. ಹಳ್ಳಿಗಳಲ್ಲಿ ಕಾನೂನು ಅರಿವು ಶಿಬಿರ ನಡೆಸುವ ಅಭ್ಯಾಸ ಅವುಗಳಿಗಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಜೊತೆಗೂಡಿದರೆ, ಅರ್ಜಿ ಹಾಕಿದ ಮೇಲಿನ ಆರು ತಿಂಗಳಲ್ಲಿ ಎರಡು ಮಧ್ಯಾಹ್ನ ಇದಕ್ಕೆ ಹೊಂದಿಸುವುದು ಕಷ್ಟವಲ್ಲ. ನಿಮ್ಹಾನ್ಸ್ ಬೆನ್ನಿಗಿರುವ ಟೆಲಿ ಮನಸ್ ಸಹಾಯವಾಣಿ, 14416, 2022ರಿಂದ ಕನ್ನಡದಲ್ಲಿ ಉಚಿತವಾಗಿ ಸಿಗುತ್ತಿದೆ. ಕಾನೂನು ಬರುವವರೆಗೆ ಮಕ್ಕಳು ಬೆಳೆಯದೆ ನಿಲ್ಲುವುದಿಲ್ಲ. ತಾಲ್ಲೂಕು ಸಮಿತಿಗಳು ಈ ವರ್ಷದ ಶಿಬಿರಗಳ ಪಟ್ಟಿಯಲ್ಲೇ ಈ ಒಂದು ವಿಷಯವನ್ನು ಸೇರಿಸಿಕೊಳ್ಳಲಿ.