ಮಳೆಯ ವೈಪರೀತ್ಯವೂ ಇಲಾಖೆಗಳ ಕೂಡುಕಾರ್ಯವೂ

ಭೂಮಂಡಲದ ಉಷ್ಣತೆಯು ಏರುತ್ತಿರುವುದರಿಂದ ಮಳೆಯ ಕ್ರಮವೇ ವ್ಯತ್ಯಾಸಗೊಳ್ಳುತ್ತಿರುವುದು. ವಾಯುವು ಒಂದು ಡಿಗ್ರಿ ಸೆಲ್ಸಿಯಸ್ ಬೆಚ್ಚಗಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲುದು. ಆದಕಾರಣ ಮಳೆಯು ಸುರಿದರೆ ಒಮ್ಮೆಗೇ ಸುರಿಯುವುದು; ಬಿಟ್ಟರೆ ಬಹುದಿನ ಬಿಡುವುದು. ಈ ಕಷ್ಟವನ್ನು ವ್ಯವಸಾಯ ಇಲಾಖೆಯೊಂದೇ ಪರಿಹರಿಸಲಾರದೆಂಬುದನ್ನು ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಸ್ಥಿತಿಯಿಂದ ತಿಳಿಯಬಹುದು.

ಜೋಯಿಡಾ ತಾಲ್ಲೂಕು ಸಹ್ಯಾದ್ರಿಯ ನೆತ್ತಿಯಲ್ಲಿದ್ದು ವಿಶೇಷ ಮಳೆಯನ್ನು ಪಡೆಯುತ್ತದೆ. ಕಾಳೀನದಿಯು ಅಲ್ಲಿಯೇ ಹುಟ್ಟಿ, ಸೂಪಾ ಜಲಾಶಯದಲ್ಲಿ ನಿಂತು, ದಾಂಡೇಲಿಯ ಮಾರ್ಗವಾಗಿ ಸಮುದ್ರದ ಕಡೆಗೆ ಸಾಗುತ್ತದೆ. ಪೂರ್ವಕ್ಕೆ ಹೋದಂತೆಲ್ಲ ಮಳೆ ಕಡಿಮೆಯಾಗುತ್ತ ಬರುವುದು. ಹಳಿಯಾಳ ಮುಂಡಗೋಡಗಳ ರೈತರು ಕೂರಿಗೆಯಿಂದ ಬಿತ್ತುವ ಭತ್ತ, ಮೆಕ್ಕೆಜೋಳ, ಹತ್ತಿಗಳಿಗೆ ಮಳೆಯನ್ನೂ ಕೆರೆಯನ್ನೂ ನಂಬಿರುತ್ತಾರೆ.

2019ನೆಯ ಆಗಸ್ಟ್ ತಿಂಗಳಿನಲ್ಲಿ ಅತಿವೃಷ್ಟಿಯಾಗಿ, ಮುಂಡಗೋಡ ತಾಲ್ಲೂಕಿನ ಚಿಗಳ್ಳಿ ಜಲಾಶಯದ ಏರಿಯು ಒಡೆದು ನೀರು ಕೆಳಗಣ ಗದ್ದೆಗಳಿಗೆ ನುಗ್ಗಿತು. ನಾಲ್ಕೇ ವರ್ಷಗಳ ತರುವಾಯ, 2023ನೆಯ ಆಗಸ್ಟ್, ಭಾರತದಲ್ಲಿ 1901ರಿಂದೀಚೆಗೆ ಅತ್ಯಲ್ಪ ಮಳೆಯಾದ ಆಗಸ್ಟ್ ಆಯಿತು. ಆ ವರ್ಷ ಕರ್ನಾಟಕದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿಸಲ್ಪಟ್ಟವು. ಹೆಚ್ಚಾದ ನೀರನ್ನು ಹಿಡಿದಿಡುವುದು, ಕಡಿಮೆಯಾದಾಗ ಹಂಚಿಕೊಳ್ಳುವುದು, ಇವೆರಡೂ ಒಂದೇ ಕಾರ್ಯದ ಎರಡು ಮುಖಗಳೆಂದು ಇದರಿಂದ ತಿಳಿಯುವುದು.

ಈ ಕಾರ್ಯವಾದರೋ ಅನೇಕರ ಕೈಯಲ್ಲಿ ಹಂಚಿಹೋಗಿದೆ. ಕೆರೆಯ ಏರಿಯನ್ನು ನೋಡಿಕೊಳ್ಳುವವರು ಒಬ್ಬರು. ಕೆರೆಗೆ ನೀರು ಬರುವ ಕಾಡಿನ ಯಜಮಾನರು ಮತ್ತೊಬ್ಬರು. ಬೀಜ ಕೊಡುವವರು ಬೇರೊಬ್ಬರು. ಹಾನಿಯನ್ನು ಅಳೆಯುವವರು ಇನ್ನೊಬ್ಬರು. ಕಾಡು ಬೋಳಾದರೆ ಮಣ್ಣು ಕೊಚ್ಚಿಬಂದು ಕೆರೆಯಲ್ಲಿ ಹೂಳು ತುಂಬುವುದು. ಹೂಳು ತುಂಬಿದರೆ ಸಣ್ಣ ಮಳೆಗೇ ಕೋಡಿ ಬೀಳುವುದು, ಬೇಸಗೆಗೆ ಮುಂಚೆಯೇ ತಳ ಕಾಣುವುದು. ಅಡವಿಯ ನೀರ್ಗುಂಡಿಗಳು ಬತ್ತಿದರೆ ಕಾಡಾನೆಗಳು ಗದ್ದೆಗೆ ಇಳಿಯುವುವು. ಹೀಗೆ ಒಂದು ಇಲಾಖೆಯ ಲೋಪವು ಮತ್ತೊಂದರ ಲೆಕ್ಕದಲ್ಲಿ ನಷ್ಟವಾಗಿ ಕಾಣಿಸುವುದು.

ಭಾರತ ಸರ್ಕಾರವು 2008ರಲ್ಲಿ ಪ್ರಕಟಿಸಿದ ಹವಾಮಾನ ಕಾರ್ಯಯೋಜನೆಯಲ್ಲಿ ಜಲ, ವ್ಯವಸಾಯ, ಅರಣ್ಯ ಮೊದಲಾದವುಗಳಿಗೆ ಎಂಟು ಪ್ರತ್ಯೇಕ ಅಭಿಯಾನಗಳಿರುತ್ತವೆ. ಅವು ಒಂದುಗೂಡತಕ್ಕ ಸ್ಥಳವೆಂದರೆ ಗ್ರಾಮ ಪಂಚಾಯತಿಯ ವಾರ್ಷಿಕ ಯೋಜನೆಯೇ. ಅದನ್ನು ಸಿದ್ಧಪಡಿಸುವಾಗ ಗಮನಿಸತಕ್ಕ ಅಂಶಗಳು ಇವು:

(1) ಪ್ರತಿಯೊಂದು ಕೆರೆಗೂ ಅದರ ಕಾಡು, ಕಾಲುವೆ, ಏರಿ, ಕೋಡಿ, ಅಚ್ಚುಕಟ್ಟುಗಳು ಸೇರಿದ ಒಂದೇ ನಕ್ಷೆಯನ್ನು ಬರೆದು, ಕೆಲಸಗಳನ್ನು ಮೇಲಿನಿಂದ ಕೆಳಕ್ಕೆ ಕ್ರಮವಾಗಿ ನಡೆಸತಕ್ಕದ್ದು.

(2) ಏರಿ ಕೋಡಿಗಳ ಪರೀಕ್ಷೆಯೂ ದುರಸ್ತಿಯೂ ಮುಂಗಾರಿಗೆ ಮೊದಲೇ ಮುಗಿಯತಕ್ಕದ್ದು.

(3) ಕೆರೆಯ ನೀರನ್ನು ಅಳೆದ ಮೇಲೆಯೇ ಬೇಸಗೆಯ ಬೆಳೆಯನ್ನು ನಿಶ್ಚಯಿಸತಕ್ಕದ್ದು. ನೀರು ಸಾಲದಿದ್ದಲ್ಲಿ ಕಬ್ಬಿಗೆ ಬದಲಾಗಿ ದ್ವಿದಳಧಾನ್ಯಗಳು ಕ್ಷೇಮಕರ.

(4) ಜೋಯಿಡಾದ ಕುಣಬಿ ಜನರು ಬಗೆಬಗೆಯ ಗೆಡ್ಡೆಗೆಣಸುಗಳ ತಳಿಗಳನ್ನು ಉಳಿಸಿಕೊಂಡು ಬಂದಿರುವರು. ಒಂದು ಬೆಳೆ ಕೆಟ್ಟರೂ ಮನೆಯ ಊಟ ನಿಲ್ಲದಂತೆ ಇಂಥ ತಳಿಗಳನ್ನು ಇತರ ತಾಲ್ಲೂಕುಗಳಲ್ಲಿಯೂ ಪರೀಕ್ಷಿಸಬಹುದು.

ರೈತರಾದರೂ ಸುಮ್ಮನಿರಲಾಗದು. ಗ್ರಾಮಸಭೆಗೆ ತಪ್ಪದೆ ಹಾಜರಾಗಿ ತಮ್ಮ ಕೆರೆಯ ಸ್ಥಿತಿಯನ್ನು ಬರೆಯಿಸತಕ್ಕದ್ದು. ಬೆಳೆ ವಿಮೆಯನ್ನು ಗೊತ್ತಾದ ದಿನದೊಳಗೆ ಮಾಡಿಸತಕ್ಕದ್ದು. ವಿಮೆ ಮಾಡಿಸಿದ ಬೆಳೆಯನ್ನು ಕೊಯ್ದು ಗದ್ದೆಯಲ್ಲಿ ಒಣಹಾಕಿದಾಗ ಅಕಾಲದ ಮಳೆಯಿಂದ ಕೆಟ್ಟರೆ 72 ಗಂಟೆಗಳೊಳಗಾಗಿ ವಿಮಾ ಕಂಪನಿಗಾಗಲಿ ಕೃಷಿ ಇಲಾಖೆಗಾಗಲಿ ತಿಳಿಸತಕ್ಕದ್ದು. ಮಳೆಯನ್ನು ಆಳುವುದು ಯಾರಿಗೂ ಸಾಧ್ಯವಿಲ್ಲ. ಬಿದ್ದ ಮಳೆಯನ್ನು ಕಾಡಿನಿಂದ ಗದ್ದೆಯವರೆಗೆ ಒಂದೇ ಲೆಕ್ಕದಲ್ಲಿಟ್ಟು ನಡೆಯಿಸುವುದು ಮಾತ್ರ ನಮ್ಮೆಲ್ಲರ ಕೈಯಲ್ಲಿದೆ.